ಮತ್ತೆ ನಿನ್ನಿಷ್ಟ

ನಿನ್ನೆ ರಾತ್ರಿಯೇ ಬೆಕ್ಕಿನ ಹೊಟ್ಟೆ ಸೇರಿತು ಎಂದು ನಾವೆಲ್ಲ ನಂಬಿಕೊಂಡಿದ್ದ ಹುಳದ ಮಾತ್ರೆ ಇವತ್ತು ಬೆಳಿಗ್ಗೆ ನನ್ನ ಚಪ್ಪಲಿಯೊಳಗೆ ಸಿಕ್ಕಿತು. ಒಂದು ಬದಿಗೆ ಬಂಗುಡೆಯ ಚೂರು ಅಂಟಿಕೊಂಡದ್ದು ಬಿಟ್ಟರೆ ಹೊಚ್ಚಹೊಸದರಂತೆಯೇ ಇತ್ತು.

ಆ ಬಂಗುಡೆಗೆ ನಾನು ಕೊಟ್ಟ ದುಡ್ಡು ಹೆಂಡತಿಗೆ ಇನ್ನೂ ಗೊತ್ತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಲ್ಪೆಯ ಬೋಟುಗಳೆಲ್ಲ ಸಾಲಾಗಿ ನಿಂತು ನಿದ್ದೆ ಹೊಡೆಯುವ ಈ ಕಾಲದಲ್ಲಿ ಐಸಿನ ಮೀನಿಗೂ ಚಿನ್ನದ ರೇಟು. ಮನೆಯವರೆಲ್ಲ ಒಣಮೀನಿನ ಚಟ್ನಿಯಲ್ಲಿ ಊಟ ಮುಗಿಸುವಾಗ ಬೆಕ್ಕಿಗೆ ಇಡೀ ಬಂಗುಡೆ ಬೇಯಿಸಿ, ಮುಳ್ಳು ಬಿಡಿಸಿ, ನಡುವೆ ಮಾತ್ರೆ ಹುದುಗಿಸಿ ಇಟ್ಟವನು ನಾನು. ಅದು ಅಕ್ಕಸಾಲಿಗನ ನಾಜೂಕಿನಲ್ಲಿ ಸುತ್ತಲಿನ ಮೀನನ್ನಷ್ಟೇ ತಿಂದು, ಮಾತ್ರೆಯನ್ನು ಮಾಲೀಕನಿಗೆ ಹಿಂದಿರುಗಿಸಿತು. ಬೆಕ್ಕಿನ ಹೆಸರು ಪುಚ್ಚೆ. ತುಳುವಿನಲ್ಲಿ ಪುಚ್ಚೆ ಅಂದರೂ ಬೆಕ್ಕೇ. ಹೆಸರಿಡುವ ಕೆಲಸಕ್ಕೆ ನಾವು ಹೆಚ್ಚು ತಲೆ ಕೆಡಿಸಿಕೊಂಡಿಲ್ಲ.

ಡಾಕ್ಟ್ರು ಹೇಳಿಕೊಟ್ಟ ಕ್ರಮ ಕೇಳಲಿಕ್ಕೆ ಬಹಳ ಸುಲಭ. ಬೆಕ್ಕನ್ನು ಬೈರಾಸಿನಲ್ಲಿ ಕುತ್ತಿಗೆವರೆಗೆ ಸುತ್ತಬೇಕು, ಬಾಯಿ ತೆರೆಸಿ ಮಾತ್ರೆಯನ್ನು ನಾಲಗೆಯ ತೀರಾ ಹಿಂದಕ್ಕೆ ಹಾಕಬೇಕು, ಬಾಯಿ ಮುಚ್ಚಿ ಗಂಟಲು ಸವರಬೇಕು, ಆಮೇಲೆ ಸಿರಿಂಜಿನಲ್ಲಿ ಸ್ವಲ್ಪ ನೀರು ಬಿಡಬೇಕು. ನೀರು ಬಿಡದಿದ್ದರೆ ಒಣಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತದಂತೆ. ಇವತ್ತು ಬೆಳಿಗ್ಗೆ ಚಪ್ಪಲಿಯ ಮಾತ್ರೆಯನ್ನು ಎಸೆದು, ಹೊಸದೊಂದು ತೆಗೆದು, ಈ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿದೆ. ಕೊನೆಗೆ ಬೈರಾಸಿನೊಳಗೆ ಉಳಿದದ್ದು ನನ್ನ ಎಡಗೈ ಮಾತ್ರ. ಅದರ ಮೇಲೆ ಏಳು ಗೀರು.

ಬೆಕ್ಕಿಗೆ ರೇಬಿಸ್ ಲಸಿಕೆ ಆಗಿದೆ. ಆದರೂ ಗೀರಿದ ಜಾಗವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕೆಂಬ ನಿಯಮ ಉಂಟಲ್ಲ, ಅದನ್ನು ನಾನು ಬಿಡುವುದಿಲ್ಲ. ಹದಿನೈದು ನಿಮಿಷ ಎಷ್ಟು ಉದ್ದ ಎಂದು ತಿಳಿಯಬೇಕಾದರೆ ನಳ್ಳಿ ಬಿಟ್ಟು ಅದರಡಿ ಕೈ ಹಿಡಿದು ನಿಂತು ನೋಡಿ. ಹಾಗೆ ನಿಂತಿದ್ದಾಗಲೇ ಪಾಗಾರದ ಆಚೆಯಿಂದ ಸ್ವರ ಬಂತು. "ಎಂಥ ತೊಳೆಯುವುದು ಮಾರಾಯ? ಸ್ವಲ್ಪ ಸುಣ್ಣ, ಸ್ವಲ್ಪ ಅರಿಶಿನ ಹಚ್ಚು. ನಾನು ಹೇಳುವುದು ಹೇಳಿದೆ. ಮತ್ತೆ ನಿನ್ನಿಷ್ಟ."

ಆಚೆಮನೆ ಮಾವ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ರಿಟೈರ್ ಆದವರು. ನಮ್ಮ ಉಡುಪಿಯಲ್ಲಿ ಎರಡು ಪಾಗಾರ ಹಾರಿದರೆ ಮೂರನೆಯದರ ಹಿಂದೆ ಇಂಥವರೊಬ್ಬರು ಸಿಗುತ್ತಾರೆ. ಸಾಲ ಕೊಡುವಾಗ ಅದುಮಿಟ್ಟುಕೊಂಡ ಧಾರಾಳತನವನ್ನೆಲ್ಲ ಈಗ ಸಲಹೆಯಲ್ಲಿ ತೀರಿಸುತ್ತಿದ್ದಾರೆ. ಜೀವಮಾನದಲ್ಲಿ ಒಂದು ಕೋಳಿಮರಿ ಸಾಕಿದವರಲ್ಲ. ಆದರೆ ನನ್ನ ನಾಯಿ ಒಂದು ಸೀನು ಸೀನಿದರೆ ಪಾಗಾರದ ಮೇಲೆ ಅವರ ತಲೆ ಮೂಡುತ್ತದೆ. ಹುಳ ಬಿದ್ದರೆ ಅನ್ನಕ್ಕೆ ಬೆಳ್ಳುಳ್ಳಿ ಜಜ್ಜಿ ಹಾಕಬೇಕಂತೆ. ನಾಯಿ ಬೆಕ್ಕುಗಳ ರಕ್ತದ ಕೆಂಪುಕಣಗಳನ್ನು ಒಡೆದು ಹಾಕುವುದೇ ಈರುಳ್ಳಿ ಬೆಳ್ಳುಳ್ಳಿ ಎಂದು ನಾನು ಹೇಳಿದರೆ, "ನನ್ನ ಅಜ್ಜಿ ತೊಂಬತ್ತು ವರ್ಷ ಬೆಳ್ಳುಳ್ಳಿ ತಿಂದವಳು" ಎನ್ನುತ್ತಾರೆ. ಉಣ್ಣಿಗೆ ಸೀಮೆಎಣ್ಣೆ. ಮೂಗು ತಣ್ಣಗಿದ್ದರೆ ಜ್ವರ ಇಲ್ಲ. ಬೆಕ್ಕು ಮಂಕಾದರೆ ದಿನಾ ಒಂದು ಲೋಟ ಹಾಲು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗದೆ ಹೊಟ್ಟೆ ಕೆಡುತ್ತದೆ. ಆ ಮಟ್ಟಿಗೆ ಹಾಲು ಕಂಡು ಓಡಿದ ತೆನಾಲಿ ರಾಮನ ಬೆಕ್ಕೇ ನಮ್ಮ ಮಾವನಿಗಿಂತ ಬುದ್ಧಿವಂತ. ಇವೆಲ್ಲ ನಗುವ ಮಾತುಗಳಾದವು. ಒಮ್ಮೆ ಮಾತ್ರ ನನಗೆ ನಗು ಬರಲಿಲ್ಲ. ಪುಚ್ಚೆಗೆ ಜ್ವರ ಬಂದಿದ್ದಾಗ ಅವರು ಅರ್ಧ ಪ್ಯಾರಸಿಟಮಾಲ್ ಹಿಡಿದುಕೊಂಡು ಬಂದಿದ್ದರು. ಬೆಕ್ಕಿನ ದೇಹಕ್ಕೆ ಅದನ್ನು ಅರಗಿಸುವ ಶಕ್ತಿಯಿಲ್ಲ, ಆ ಅರ್ಧ ಮಾತ್ರೆಯೇ ಅದರ ಜೀವಕ್ಕೆ ಕುತ್ತು. ಅಂದು ನನ್ನ ಸ್ವರ ಸ್ವಲ್ಪ ಏರಿತ್ತು. ಎರಡು ದಿನ ಪಾಗಾರ ಖಾಲಿಯಿತ್ತು. ಮೂರನೆಯ ದಿನ ತಲೆ ಮತ್ತೆ ಮೂಡಿತು.

ಈಗ ನಾಯಿಯ ವಿಷಯಕ್ಕೆ ಬರುತ್ತೇನೆ. ನಾಲ್ಕು ವರ್ಷದ ಹಿಂದೆ ಮಳೆಯಲ್ಲಿ ತೊಯ್ದು ಗೇಟಿನ ಬಳಿ ನಿಂತಿದ್ದಾಗ ಎಲುಬು ಎಣಿಸಬಹುದಿತ್ತು, ಹಾಗಾಗಿ ಕಡ್ಡಿ ಎಂದು ಹೆಸರಿಟ್ಟೆವು. ಹೆಸರು ಈಗಲೂ ಕಡ್ಡಿಯೇ. ಶರೀರ ಮಾತ್ರ ರುಬ್ಬುವ ಕಲ್ಲು. ಏಪ್ರಿಲಿನಲ್ಲಿ ತೋರಿಸಿದಾಗ 21 ಕೆಜಿ ಇತ್ತು. ಡಾಕ್ಟ್ರು ಅದರ ಪಕ್ಕೆಗೆ ಕೈ ಆಡಿಸಿ, "ಎಲುಬು ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು" ಎಂದು, ಯಾಕೋ ಒಮ್ಮೆ ನನ್ನನ್ನೂ ನೋಡಿದ್ದರು. ಮೂರು ತಿಂಗಳಿಗೊಮ್ಮೆ ಹುಳದ ಮಾತ್ರೆ, 10 ಕೆಜಿಗೆ ಒಂದರ ಲೆಕ್ಕ, ತೂಕ ನೋಡಿಯೇ ಕೊಡಿ ಎಂದೂ ಹೇಳಿದ್ದರು.

ಹೋದ ಭಾನುವಾರ ತೂಕ ನೋಡಲು ಹೊರಟೆವು. ಮನೆಯ ಮಿಷನ್ ಮೇಲೆ ನಾಯಿ ನಿಲ್ಲುವುದಿಲ್ಲ. ಅದನ್ನು ಎತ್ತಿಕೊಂಡು ನಾವು ನಿಲ್ಲಬೇಕು, ಆಮೇಲೆ ನಮ್ಮ ತೂಕ ಕಳೆಯಬೇಕು. ಮೂರನೇ ಕ್ಲಾಸಿನ ಲೆಕ್ಕ. ಕಡ್ಡಿಯನ್ನು ಎತ್ತಿ ನಿಂತೆ. ಅದರ ಹಿಂಭಾಗ ಅಡ್ಡ ಬಂದು ನನಗೆ ಅಂಕಿ ಕಾಣುತ್ತಿರಲಿಲ್ಲ. ಹೆಂಡತಿ ಬಗ್ಗಿ ಓದಿದಳು. "ನೂರಾ ಆರು ಪಾಯಿಂಟ್ ನಾಲ್ಕು!"

"ಎಷ್ಟು? ನೂರಾ ಆರಾ?" ಪಾಗಾರದ ಮೇಲೆ ತಲೆ.

"ನಿಮ್ಮದೆಷ್ಟು?" ಹೆಂಡತಿ ಕೇಳಿದಳು.

"ಎಪ್ಪತ್ನಾಲ್ಕು" ಎಂದೆ. ಮದುವೆಯಾದ ದಿನದಿಂದ ನನ್ನ ತೂಕ 74. ಅದು ಆಧಾರ್ ನಂಬರಿನ ಹಾಗೆ, ಒಮ್ಮೆ ಬಂದದ್ದು ಬದಲಾಗುವುದಿಲ್ಲ.

ಅವಳು ಮೊಬೈಲಿನಲ್ಲಿ ಲೆಕ್ಕ ಹಾಕಿದಳು. ಮತ್ತೊಮ್ಮೆ ಹಾಕಿದಳು. "ಮೂವತ್ತೆರಡು ಪಾಯಿಂಟ್ ನಾಲ್ಕು. ಮೂರು ತಿಂಗಳಲ್ಲಿ ಹನ್ನೊಂದು ಕೆಜಿ ಏರಿದೆ!"

ಎಲ್ಲರೂ ಕಡ್ಡಿಯನ್ನು ನೋಡಿದೆವು. ಅದು ಅಪರಾಧಿಯ ಹಾಗೆ ಕಿವಿ ಹಿಂದಕ್ಕೆ ಮಾಡಿತು. ಒಳಗಿಂದ ಅಮ್ಮ, "ಕೃಷ್ಣಾ, ಅದರ ಹೊಟ್ಟೆಯೊಳಗೆ ಎಂಥದೋ ಬೆಳೆದಿದೆ" ಎಂದರು. ಮಾವ, "ನೀರು ತುಂಬಿದ್ದು. ಕಿಡ್ನಿ ನೋಡಿಸು" ಎಂದರು. ಹೆಂಡತಿ ಡಾಕ್ಟ್ರ ನಂಬರು ಹುಡುಕತೊಡಗಿದಳು, ಇನ್ನೊಂದು ಕೈಯಲ್ಲಿ ಮಾತ್ರೆ ಎಣಿಸುತ್ತ. "ಮೂರೂಕಾಲು ಕೊಡಬೇಕಾಗುತ್ತದೆ." ನಾಯಿಯನ್ನು ಎತ್ತಿಕೊಂಡೇ ನಿಂತಿದ್ದ ನನಗೆ ಬೆವರಿಳಿಯುತ್ತಿತ್ತು, ಅದು ಬರೀ ನಾಯಿಯ ಭಾರಕ್ಕಲ್ಲ. ಒಂದು ಕಡೆ ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ನನ್ನ 74, ಇನ್ನೊಂದು ಕಡೆ ಇಲ್ಲದ ಕಿಡ್ನಿ ರೋಗಕ್ಕೆ ಗುರಿಯಾಗಲಿರುವ ಮೂಕಪ್ರಾಣಿ. ಎರಡನೆಯದರ ಕಣ್ಣು ನನ್ನ ಕಣ್ಣಿನಿಂದ ನಾಲ್ಕಿಂಚು ದೂರದಲ್ಲಿತ್ತು.

"ಒಂದು ಸಲ ನಾನೊಬ್ಬನೇ ನಿಂತು ನೋಡುತ್ತೇನೆ" ಎಂದೆ.

82.6.

ಹೆಂಡತಿ ಏನೂ ಹೇಳಲಿಲ್ಲ. ಏನಾದರೂ ಹೇಳಿದ್ದರೆ ಒಳ್ಳೆಯದಿತ್ತು. ಸುಮ್ಮನೆ ಕಳೆದಳು. "ಇಪ್ಪತ್ಮೂರು ಪಾಯಿಂಟ್ ಎಂಟು. ಎರಡೂವರೆ ಮಾತ್ರೆ ಸಾಕು." ಅಂದರೆ ನನ್ನೊಂದು ಸುಳ್ಳಿಗೆ ನಾಯಿ ಮುಕ್ಕಾಲು ಮಾತ್ರೆ ಹೆಚ್ಚು ನುಂಗಬೇಕಿತ್ತು. ಪಾಗಾರದ ಕಡೆಯಿಂದ ಬಂದ ಮಾತನ್ನು ಬರೆಯುವುದೇ ಬೇಡ ಎಂದುಕೊಂಡಿದ್ದೆ, ಬರೆಯುತ್ತೇನೆ. "82 ಜಾಸ್ತಿಯಾಯಿತು ಮಾರಾಯ. ರಾತ್ರಿ ಅನ್ನ ಬಿಡು. ಮತ್ತೆ ನಿನ್ನಿಷ್ಟ."

ತಮಾಷೆ ಅಲ್ಲಿಗೆ ಮುಗಿಯಿತು, ಮಳೆಯೂ ಜೋರಾಯಿತು. ಆ ಮಧ್ಯಾಹ್ನ ಉಣ್ಣಿ ಹುಡುಕಲೆಂದು ಕಡ್ಡಿಯ ಕಿವಿ ಮಡಚಿದಾಗ ಹಿರಿಯಡ್ಕದ ನಮ್ಮ ಹಳೇ ಮನೆಯ ಟಾಮಿಯ ನೆನಪಾಯಿತು. ಅದಕ್ಕೆ ಯಾರೂ ತೂಕ ನೋಡಿದವರಿಲ್ಲ. ನಾವು ತಿಂದುಳಿದ ಕುಚ್ಚಲಕ್ಕಿ ಅನ್ನ, ಮೀನಿನ ತಲೆ, ಮಲಗಲು ಹಟ್ಟಿಯ ಬದಿಯ ಗೋಣಿ. ಅದರ ಕಿವಿಯೊಳಗಿಂದ ಹರಳುಬೀಜದಷ್ಟು ಊದಿದ ಉಣ್ಣಿಗಳನ್ನು ಕಿತ್ತು, ಗೆರಟೆಯ ಕೆಂಡಕ್ಕೆ ಹಾಕಿ, ಟಪ್ ಎನ್ನುವುದನ್ನು ಎಣಿಸುವುದು ನನಗೂ ತಮ್ಮನಿಗೂ ಆಟ. ಒಂದು ಆಟಿ ತಿಂಗಳಲ್ಲಿ ಟಾಮಿ ಊಟ ಬಿಟ್ಟಿತು. ನಾಲ್ಕನೆಯ ದಿನ ಗೋಣಿಯಿಂದ ಏಳಲಿಲ್ಲ. "ಆಟಿಯ ಮಳೆ ಹಾಗೆಯೇ" ಎಂದರು ಅಪ್ಪ. ಅದಕ್ಕೆ ಆಗ ನಾಲ್ಕು ವರ್ಷ, ಈಗ ಕಡ್ಡಿಗೆ ಆಗಿರುವಷ್ಟೇ. ತುಟಿ ಎತ್ತಿ ಒಸಡು ನೋಡಬೇಕು, ಬಿಳಚಿಕೊಂಡಿದ್ದರೆ ಉಣ್ಣಿಜ್ವರದ ಸಂಶಯ, ಬೇಗ ಬಂದರೆ ಹೆಚ್ಚಿನವು ಬದುಕುತ್ತವೆ ಎಂದು ಡಾಕ್ಟ್ರು ನನಗೆ ಹೇಳಿದ್ದು ಈಚೆಗೆ. ಟಾಮಿಯ ಒಸಡು ನನಗೆ ನೆನಪಿದೆ. ಕಾಗದದ ಹಾಗಿತ್ತು.

ಹಾಗಾಗಿ ಈಗ ನಾನು ಅತಿ ಮಾಡುತ್ತೇನೆ ಎಂದು ಮನೆಯವರು ಹೇಳಿದರೆ ಹೇಳಲಿ. ಉಣ್ಣಿ ಮೊಟ್ಟೆಯಿಡುವುದು ನಾಯಿಯ ಮೈಮೇಲಲ್ಲ, ಗೋಡೆಯ ಸಂದಿಯಲ್ಲಿ. ಮುರಕಲ್ಲಿನ ಪಾಗಾರ ಅದಕ್ಕೆ ಹೇಳಿ ಮಾಡಿಸಿದ ಹೆರಿಗೆ ವಾರ್ಡು. ಬೇಸಿಗೆಯಲ್ಲಿ ನಾನು ಅದರ ತೂತುಗಳನ್ನು ಸಿಮೆಂಟಿನಿಂದ ಮುಚ್ಚುವಾಗ ಮಾವ ಮೇಲಿಂದ ನಿಂತು ಸಿಮೆಂಟು ಮರಳಿನ ಪ್ರಮಾಣ ಹೇಳುತ್ತಿದ್ದರು. ನಾಯಿಯ ಬೆನ್ನಿಗೆ ಬಿಡುವ ಉಣ್ಣಿ ಔಷಧಿಯನ್ನು ಬೆಕ್ಕಿಗೂ ಎರಡು ತೊಟ್ಟು ಬಿಡು ಎಂದದ್ದೂ ಆಗಲೇ. ಅಂಥ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ನಾನು ಉತ್ತರ ಕೊಡದೆ ಸಿಮೆಂಟು ಮೆತ್ತಿದೆ.

ಭಾನುವಾರದಿಂದ ಇವತ್ತಿನವರೆಗೆ ಕಡ್ಡಿ ಆ ಎರಡೂವರೆ ಮಾತ್ರೆಯನ್ನು ಅನ್ನದಿಂದ, ಮೊಟ್ಟೆಯಿಂದ, ಬೆಲ್ಲದಿಂದ ಹೆಕ್ಕಿ ಹೊರಗಿಟ್ಟಿದೆ. ಬೆಕ್ಕು ನೋಡಿ ಕಲಿತದ್ದಿರಬೇಕು. ಇವತ್ತು ಸಂಜೆ ನಾಲ್ಕಕ್ಕೆ ಅಂಗಳದಲ್ಲಿ ಅದು ಕಾಣಲಿಲ್ಲ. ಹುಡುಕಿದರೆ ಪಾಗಾರಕ್ಕೆ ಎರಡು ಕಾಲು ಊರಿ ನಿಂತಿತ್ತು. ಮೇಲೆ ಮಾವ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬಿಸಿಬಿಸಿ ಬನ್ಸ್.

ಕಳಿತ ಬಾಳೆಹಣ್ಣು, ಮೈದಾ, ಸಕ್ಕರೆ, ಎಣ್ಣೆ. ಏಪ್ರಿಲಿನ 21 ಜುಲೈಯ 24 ಆದದ್ದು ಹೇಗೆಂದು ಆಗ ತಿಳಿಯಿತು.

"ಮಾವ, ಇದು ದಿನಾ ಉಂಟಾ?"

"ದಿನಾ ಎಲ್ಲಿ? ನಾವು ಕಾಫಿ ಕುಡಿಯುವ ದಿನ ಮಾತ್ರ."

ಡಾಕ್ಟ್ರು ಹೇಳಿದ್ದನ್ನೆಲ್ಲ ಹೇಳಿದೆ. ಎಣ್ಣೆಯಲ್ಲಿ ಕರಿದದ್ದು ನಾಯಿಯ ಮೇದೋಜೀರಕ ಗ್ರಂಥಿಯನ್ನು ಹಾಳು ಮಾಡಬಹುದು ಎಂದೆ. ಮಾತ್ರೆ ನುಂಗದ ಕತೆಯನ್ನೂ ಸಿಟ್ಟಿನಲ್ಲಿ ಹೇಳಿಬಿಟ್ಟೆ. ಮಾವ ಕೈ ಚಾಚಿದರು. "ಕೊಡು ಇಲ್ಲಿ."

ಬನ್ಸಿನ ಒಂದು ತುಂಡಿನ ಟೊಳ್ಳಿಗೆ ಎರಡೂವರೆ ಮಾತ್ರೆಯನ್ನು ತುರುಕಿ ಪಾಗಾರದಿಂದ ಕೆಳಗೆ ಬಿಟ್ಟರು. ಅದು ನೆಲ ಮುಟ್ಟಲಿಲ್ಲ. ಕಡ್ಡಿ ಅಗಿಯಲೂ ಇಲ್ಲ. ನಾಲ್ಕು ದಿನದ ನನ್ನ ಸಂಸಾರ ತಾಪತ್ರಯ ಗುಳುಂ ಎಂದು ಒಳಗೆ ಹೋಯಿತು.

"ಮುಂದಿನ ಸಲದ ಮಾತ್ರೆಯನ್ನು ಇಲ್ಲೇ ಕೊಟ್ಟಿಡು. ನಾನು ಹೇಳುವುದು ಹೇಳಿದೆ" ಎಂದು ಮಾವ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ನೀನೂ ಒಂದು ತೆಗೆದುಕೋ. 82 ಹೇಗೂ ಆಗಿದೆ."

ತೆಗೆದುಕೊಂಡೆ. ಪುಚ್ಚೆ ಪಾಗಾರದ ಆ ತುದಿಯಲ್ಲಿ ಕೂತು ನಮ್ಮನ್ನೆಲ್ಲ ನೋಡುತ್ತಿತ್ತು. ಅದರ ಮಾತ್ರೆ ನನ್ನ ಜೇಬಿನಲ್ಲಿತ್ತು.

"ಬೆಕ್ಕಿಗೂ ಬನ್ಸ್ ಆಗುತ್ತದಾ ಮಾವ?" ಎಂದು ಕೇಳಿದೆ.