ಸತ್ಯಾಂಶ: ಸೈಕಲ್‌ಗಾಗಿ ಏಕಮುಖ ಟ್ಯಾಗ್ ಅಳಿಸಬೇಕಿಲ್ಲ

‘ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಸ್ತೆಯನ್ನು ಏಕಮುಖ ಎಂದು ಗುರುತಿಸಿದರೆ ಎದುರಿನಿಂದ ಬರುವ ಸೈಕಲ್‌ಗೂ ದಾರಿ ಮುಚ್ಚುತ್ತದೆ, ಆ ಟ್ಯಾಗ್ ಅಳಿಸಿ’ ಎಂಬ ಸಂದೇಶ ಹರಿದಾಡುತ್ತಿದೆ. (ಇದು ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲ ನಕ್ಷೆ; ಟ್ಯಾಗ್ ಎಂದರೆ ರಸ್ತೆಯ ಗುಣ ತಿಳಿಸಲು ಅದರಲ್ಲಿ ಬರೆಯುವ ಗುರುತು.) ಆ ಟ್ಯಾಗ್ ಒಂದೇ ಇದ್ದರೆ ಸೈಕಲ್‌ಗೂ ದಾರಿ ಮುಚ್ಚುವುದು ನಿಜ, ಆದರೆ ಅಳಿಸಿ ಎಂಬ ಸಲಹೆ ತಪ್ಪು. ದಯವಿಟ್ಟು ಅಳಿಸಬೇಡಿ, ಅಳಿಸಿದರೆ ಆ ನಕ್ಷೆ ನಂಬಿದ ಕಾರೂ ಎದುರು ದಿಕ್ಕಿನಲ್ಲಿ ನುಗ್ಗೀತು.

ಬ್ರಸೆಲ್ಸ್‌ನ ಹಲವು ಏಕಮುಖ ಬೀದಿಗಳಲ್ಲಿ ಸೈಕಲ್ ಎರಡೂ ಕಡೆ ಹೋಗಬಹುದು. ಅಲ್ಲಿ ‘ಒನ್‌ವೇ=ಯೆಸ್’ ಹಾಗೇ ಇರುತ್ತದೆ, ಜೊತೆಗೆ ‘ಒನ್‌ವೇ:ಬೈಸಿಕಲ್=ನೋ’ ಸೇರಿಸಿದರೆ ಸೈಕಲ್‌ಗೆ ಮಾತ್ರ ವಿನಾಯಿತಿ. ಎದುರಿನಿಂದ ಬರುವ ಸೈಕಲ್‌ಗೆ ಬಣ್ಣ ಬಳಿದ ಪಥವೂ ಇದೆಯೇ? ಬಲಬದಿ ಸಂಚಾರದ ಆ ಊರಿನಲ್ಲಿ ಅದು ಸಾಮಾನ್ಯವಾಗಿ ಎಡಕ್ಕಿರುತ್ತದೆ: ‘ಸೈಕಲ್‌ವೇ:ಲೆಫ್ಟ್=ಲೇನ್’, ದಿಕ್ಕಿಗೆ ‘ಸೈಕಲ್‌ವೇ:ಲೆಫ್ಟ್:ಒನ್‌ವೇ=-1’ (-1 ಎಂದರೆ ಗೆರೆ ಎಳೆದ ದಿಕ್ಕಿಗೆ ವಿರುದ್ಧ). ಎಡ, ಬಲ ಎಂಬುದು ನಕ್ಷೆಯಲ್ಲಿ ಗೆರೆ ಎಳೆದ ದಿಕ್ಕಿನಿಂದ; ಹೆಚ್ಚಿನವರು ಎಡವುವುದು ಇಲ್ಲೇ. ಇಂಥ ಪಥದ ಹಳೆಯ ಟ್ಯಾಗ್ ‘ಆಪೊಸಿಟ್_ಲೇನ್’ ಈಗ ಬಳಕೆಗೆ ಸಲ್ಲದು.