ಸವೆದ ಬಾಣಲೆಯನ್ನು ಹಾಗೆಯೇ ಚಿತ್ರಿಸಬೇಕು

ಪಾತ್ರೆಗಳನ್ನು ಹೊಳೆಯುವಂತೆ ಬೆಳಗಿದ ಮೇಲೆಯೇ ಛಾಯಾಚಿತ್ರ ತೆಗೆಯಬೇಕೆಂದು ಲೇಖನವೊಂದು ಕೊಟ್ಟ ಸಲಹೆಯನ್ನು ನಾನು ಒಪ್ಪಲಾರೆ. ನಾರ್ವೆಯ ಛಾಯಾಗ್ರಾಹಕ ಕ್ರಿಸ್ಟೋಫರ್ ಯೊನಾಸೆನ್ ಅವರು ಸವೆದ ಬಾಣಲೆಗಳ ತಳವನ್ನು ಕಪ್ಪು ಹಿನ್ನೆಲೆಯಲ್ಲಿ ಸೆರೆಹಿಡಿದಾಗ, ಗೀರುಗಳೂ ಸುಟ್ಟ ಕಲೆಗಳೂ ಸೇರಿ ಅವು ದೂರದ ಗ್ರಹಗಳಂತೆ ಕಂಡವು; ಉಜ್ಜಿ ಬೆಳಗಿದ್ದರೆ ಆ ಚಿತ್ರಗಳು ಹುಟ್ಟುತ್ತಲೇ ಇರಲಿಲ್ಲ. ನಮ್ಮ ಕಬ್ಬಿಣದ ದೋಸೆಕಾವಲಿಯಲ್ಲೂ ಎಣ್ಣೆ ಕಾದು ಕಾದು ಪದರಗಟ್ಟಿದ ಕರಿ ಹೊಳಪು, ದೋಸೆ ಮಗುಚುವಾಗ ಬಿದ್ದ ಸಣ್ಣ ಗೀರುಗಳು, ಅಂಚಿನಲ್ಲಿ ಗಟ್ಟಿಯಾದ ಜಿಡ್ಡು, ಇವೆಲ್ಲ ಒಂದು ಮನೆಯ ಅಡುಗೆಯ ದಾಖಲೆಯೇ ಆಗಿವೆ. ಫ್ಲ್ಯಾಶ್ ಹಾಕಿದರೆ ಲೋಹದ ಮೇಲೆ ಬಿಳಿ ಚುಕ್ಕೆಯೊಂದು ಮೂಡಿ ಈ ವಿವರಗಳನ್ನು ನುಂಗಿಬಿಡುತ್ತದೆ. ಆದ್ದರಿಂದ ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಕೇ ಸಾಕು. ಆದರೆ ಕ್ಯಾಮೆರಾ ಕಪ್ಪು ವಸ್ತುವನ್ನು ತಾನಾಗಿ ಬೂದು ಬಣ್ಣಕ್ಕೆ ತಿರುಗಿಸುವುದರಿಂದ ಎಕ್ಸ್‌ಪೋಷರನ್ನು (ಕ್ಯಾಮೆರಾದೊಳಗೆ ಬರುವ ಬೆಳಕಿನ ಪ್ರಮಾಣವನ್ನು) ತುಸು ತಗ್ಗಿಸಿಕೊಳ್ಳಬೇಕು.