ಇಂಗ್ಲಿಷಿನ ಈ ‘ಇಟ್’ ಎಲ್ಲಿ ಕೂರಬೇಕು ಹೇಳಿ!

ನಿನ್ನೆ ಮೀಟಿಂಗ್ ಮಧ್ಯೆ ‘ಟರ್ನ್ ಆಫ್ ಇಟ್’ ಅಂದೆ. ಎಲ್ಲರೆದುರೇ ಒಬ್ಬರು ತಿದ್ದಿದರು: ‘ಟರ್ನ್ ಇಟ್ ಆಫ್’. ಸಾಕಾಗಿಹೋಯ್ತು ನನಗೆ!

‘ಟರ್ನ್ ಆಫ್ ದ ಲೈಟ್’ ಸರಿ, ‘ಟರ್ನ್ ದ ಲೈಟ್ ಆಫ್’ ಕೂಡ ಸರಿ. ಲೈಟ್ ಹೋಗಿ ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕಂತೆ. ಆಯ್ತು, ಕೂರಿಸೋಣ ಅಂತ ‘ಲುಕ್ ಹಿಮ್ ಆಫ್ಟರ್’ ಅಂದರೆ ಅದೂ ತಪ್ಪು! ಅಲ್ಲಿ ‘ಲುಕ್ ಆಫ್ಟರ್ ಹಿಮ್’ ಅನ್ನಬೇಕು. ಯಾವ ಕ್ರಿಯಾಪದ ನಡುವೆ ಜಾಗ ಬಿಡುತ್ತೆ, ಯಾವುದು ಬಿಡಲ್ಲ ಅಂತ ಅದರ ಹಣೆ ಮೇಲೆ ಬರೆದಿದೆಯಾ?

‘ಟೆಲ್ ಮಿ’ ಅನ್ನಬಹುದು, ‘ಎಕ್ಸ್‌ಪ್ಲೇನ್ ಮಿ’ ಅನ್ನಬಾರದು, ‘ಟು’ ಬೇಕು. ‘ಹಿಯರ್ ಮಿ’ಗೆ ಬೇಡ, ‘ಲಿಸನ್’ಗೆ ಬೇಕೇ ಬೇಕು. ‘ಟಾಕ್’ ಜೊತೆ ‘ಅಬೌಟ್’ ಸರಿ, ‘ಡಿಸ್ಕಸ್’ ಜೊತೆ ಹಾಕಿದರೆ ಮತ್ತೆ ತಿದ್ದುಪಡಿ. ‘ಗೆಟ್ ಓವರ್ ಇಟ್’ ಅಂದರೆ ಆ ನೋವಿನಿಂದ ಹೊರಗೆ ಬಾ. ‘ಗೆಟ್ ಇಟ್ ಓವರ್ ವಿತ್’ ಅಂದರೆ ಬೇಗ ಮುಗಿಸಿಬಿಡು. ಅವೇ ಪದಗಳು ಹಿಂದೆಮುಂದೆ, ಕೊನೆಗೊಂದು ‘ವಿತ್’ ಅಷ್ಟೇ!

‘ನಾನು ಅವನನ್ನು ನೋಡಿದೆ’, ‘ಅವನನ್ನು ನಾನು ನೋಡಿದೆ’: ಕನ್ನಡದಲ್ಲಿ ವಿಭಕ್ತಿ ಅಂಟಿಸಿದರೆ ಮುಗೀತು, ಯಾರೂ ತಕರಾರು ತೆಗೆಯಲ್ಲ. ಇಷ್ಟು ವರ್ಷ ಇಂಗ್ಲಿಷ್ ಓದಿದ ಮೇಲೂ ಎರಡಕ್ಷರದ ಒಂದು ‘ಇಟ್’ಗಾಗಿ ಪ್ರತಿ ಸಲ ತಡವರಿಸಬೇಕಾ?